ಬಿಳಿಗೆ ಹತ್ತಿದ ನೀಲಿ

ಇಗರ್ಜಿಯ ಮಕ್ಕಳು ಮೊದಲ ಪ್ರಸಾದ ಪಡೆಯುವ ಆದ್ಯ ಕುರ್ಬಾನದ ಫೋಟೊಗಳು ವಾಪಸ್ ಬಂದಾಗ ಬಿನ್ಸಿ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಮರಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಸ್ಟುಡಿಯೋ, ಹಿಂದೆ ಮನೆ. ಹಾಗಾಗಿ ಅಂಗಡಿಯ ಮಾತೆಲ್ಲ ಅಡುಗೆಮನೆಗೆ ಕೇಳುತ್ತಿತ್ತು, ಅಡುಗೆಮನೆಯ ಜಗಳವೆಲ್ಲ ಅಂಗಡಿಗೆ. ಬಂದವರು ಸಿಸ್ಟರ್ ಲಿಯೋ. ಇಗರ್ಜಿಯಲ್ಲಿ ಮಕ್ಕಳಿಗೆ ವೇದಪಾಠ ಹೇಳುವ ಈ ಸನ್ಯಾಸಿನಿ ಎಂದೂ ದನಿ ಏರಿಸಿದವರಲ್ಲ. ಆವತ್ತೂ ಏರಿಸಲಿಲ್ಲ, ಆದರೆ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಿದ್ದರು.

"ಲೋನಪ್ಪೇಟ್ಟಾ, ನೀವೇ ನೋಡಿ. ನೀವೇ ನೋಡಿ ಹೇಳಿ. ಮಕ್ಕಳೆಲ್ಲ ಬಾವಿಗೆ ಬಿದ್ದು ಎದ್ದವರ ಹಾಗೆ ಕಾಣ್ತಿಲ್ವಾ?"

ಬಿನ್ಸಿ ಕೈ ಒರೆಸಿಕೊಂಡು ಒಳಗೆ ಬಂದಳು. ಕೌಂಟರಿನ ಮೇಲೆ ಫೋಟೊಗಳು ಹರಡಿದ್ದವು. ಬಿಳಿ ಗೌನು, ಬಿಳಿ ಶರ್ಟು, ತಲೆಗೆ ಬಿಳಿ ಹೂವಿನ ಕಿರೀಟ, ಕೈಯಲ್ಲಿ ಮೇಣದಬತ್ತಿ. ಮೊದಲ ಪ್ರಸಾದ ಸ್ವೀಕರಿಸಿದ ಖುಷಿಯಲ್ಲಿ ಮಕ್ಕಳೆಲ್ಲ ಹಲ್ಲು ಬಿಟ್ಟಿದ್ದರು. ಗೌನೂ ನೀಲಿ, ಹಲ್ಲೂ ನೀಲಿ. ತುಟಿಯಂತೂ ನೇರಳೆಹಣ್ಣು ತಿಂದ ಹಾಗೆ.

ಅವಳ ಮಾವ ಲೋನಪ್ಪನ್ ಒಂದು ಫೋಟೊ ಎತ್ತಿ ಬೆಳಕಿಗೆ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. "ನನಗೇನೋ ಸರಿಯಾಗೇ ಇದೆ ಅನ್ನಿಸುತ್ತೆ, ಸಿಸ್ಟರೇ. ಇಡೀ ದಿನ ಮೊಬೈಲ್ ನೋಡ್ತಾರೆ, ಈಗಿನವರ ಕಣ್ಣೇ ಕೆಟ್ಟಿದೆ."

"ಹೆತ್ತವರಿಗೆ ಹೆಗ್ಗಣ ಮುದ್ದು ನಿಜ. ಆದರೆ ನೀಲಿ ಹೆಗ್ಗಣ ಯಾರಿಗೂ ಬೇಡವಂತೆ," ಎಂದರು ಸಿಸ್ಟರ್. "ಇನ್ನೊಂದು ಸಲ ಹೊಡೆದು ಕೊಡಿ. ಆಯ್ತಾ? ಇನ್ನೊಂದು ಸಲ."

ಅವರು ಹೋದ ಮೇಲೆ ಲೋನಪ್ಪನ್ ಸೊಸೆಯ ಕಡೆ ತಿರುಗಿದರು. "ಇಂಕ್ ತುಂಬಿದ್ದು ಯಾರು?"

"ಯಾವಾಗಲೂ ತುಂಬೋದು ನಾನೇ ಅಲ್ವಾ, ಅಪ್ಪಚ್ಚಾ."

"ಹಾಗಾದರೆ ಯಾವುದನ್ನೋ ಯಾವುದಕ್ಕೋ ಸುರಿದಿದ್ದೀಯ. ತಲೆ ಎಲ್ಲಿರುತ್ತೆ ನಿಂಗೆ?"

ಇರಿಂಜಾಲಕುಡದ ಪೇಟೆಯಲ್ಲಿ ಬಣ್ಣದ ವಿಷಯ ಬಂದರೆ ಲೋನಪ್ಪನ್ ಅವರ ಮಾತೇ ಕೊನೆಯದು. ಕಪ್ಪುಬಿಳುಪು ಚಿತ್ರಗಳಿಗೆ ಕುಂಚದಲ್ಲಿ ಕೆನ್ನೆಯ ಕೆಂಪು ತುಂಬುತ್ತಿದ್ದ ಕಾಲದಿಂದ ಬಂದ ಕೈ ಅದು. ಕತ್ತಲಕೋಣೆ ಹೋಗಿ ಕಂಪ್ಯೂಟರ್ ಬಂದಾಗ ಓರಗೆಯವರೆಲ್ಲ ಅಂಗಡಿ ಮುಚ್ಚಿದರು. ಇವರು ಮಾತ್ರ ಕನ್ನಡಕ ಏರಿಸಿಕೊಂಡು ಹೊಸದಾಗಿ ಕಲಿತರು. ಮದುವೆಗಳಿಗೆ ಹೋಗಿ ಚಿತ್ರ ತೆಗೆಯುವುದು ಮಗ ಪೋಳ್ಸನ್. ಕೌಂಟರು, ಕತ್ತರಿಸುವುದು, ಲ್ಯಾಮಿನೇಷನ್, ಪ್ರಿಂಟರಿನ ಆರೈಕೆ ಎಲ್ಲ ಬಿನ್ಸಿಯದು, ಅಡುಗೆ ಮತ್ತು ಬಟ್ಟೆಬರೆಯ ನಡುನಡುವೆ. ಆದರೆ ಪ್ರತಿ ಚಿತ್ರದ ಬಣ್ಣ ತಿದ್ದುವುದು ಲೋನಪ್ಪನ್ ಮಾತ್ರ. ಸಂಜೆ ಅವರು ಆ ಕುರ್ಚಿಯಲ್ಲಿ ಕುಳಿತರೆಂದರೆ ಮಗನೂ ಹಿಂದೆ ನಿಂತು ಇಣುಕುತ್ತಿರಲಿಲ್ಲ.

ಆ ವಾರವೆಲ್ಲ ಪ್ರಿಂಟರಿನ ಉಪಚಾರ ನಡೆಯಿತು. ಬಿನ್ಸಿ ಪರೀಕ್ಷೆಯ ಹಾಳೆ ಹೊಡೆದಳು. ಆರು ಬಣ್ಣದ ಗೆರೆಗಳೂ ಎಲ್ಲೂ ತುಂಡಾಗದೆ ಬಂದವು. ಆದರೂ ಮಾವನ ಮಾತಿಗೆ ಇಂಕ್ ಉಗುಳುವ ತಲೆಯನ್ನು ತೊಳೆಸಿದಳು, ಮತ್ತೆ ತೊಳೆಸಿದಳು. ತೊಳೆದಷ್ಟೂ ಇಂಕ್ ವ್ಯರ್ಥವಾಯಿತು. ಪೋಳ್ಸನ್ ಹೊಸ ಬಾಟಲಿಗಳನ್ನು ತಂದ, ಕಾಗದ ಬದಲಾಯಿಸಿದ. ತೃಶ್ಶೂರಿನಿಂದ ಬಂದ ಮೆಕ್ಯಾನಿಕ್ ಒಂದು ಲೋಟ ಚಹಾ ಕುಡಿದು, "ಮಿಷನ್ ಬಂಗಾರದ ಹಾಗಿದೆ. ಕಾಗದದ ಸೆಟ್ಟಿಂಗ್ ತಪ್ಪಿತ್ತು, ಸರಿ ಮಾಡಿದ್ದೀನಿ," ಎಂದು ಹೊರಟುಹೋದ. ಸಂಜೆ ಲೋನಪ್ಪನ್ ಕುಳಿತು ಮಕ್ಕಳ ಚಿತ್ರಗಳನ್ನು ಹೊಸದಾಗಿ ತಿದ್ದಿದರು. ಮತ್ತೆ ನೀಲಿ.

"ಸಹವಾಸ ಸಾಕು," ಎಂದಳು ಬಿನ್ಸಿ, ಯಾರಿಗೂ ಕೇಳದ ಹಾಗೆ.

ಮನೆಯೊಳಗೆ ಇನ್ನೊಂದು ರಗಳೆ ಶುರುವಾಗಿತ್ತು. ಅತ್ತೆ ಕೊಚ್ಚುತ್ರೇಸ್ಯ ಹಳೇ ಕಾಲದ ಹೆಂಗಸು. ಮೇಲೆ ಚಟ್ಟ ಎನ್ನುವ ಬಿಳಿ ಸಡಿಲ ಕುಪ್ಪಸ, ಕೆಳಗೆ ಬಿಳಿ ಮುಂಡು, ಹಿಂದೆ ಬೀಸಣಿಗೆಯಂತೆ ನೆರಿಗೆ. ಹುಟ್ಟಿದಾಗಿನಿಂದ ಬೇರೆ ಬಣ್ಣ ಉಟ್ಟವಳಲ್ಲ ಎಂದು ಮೊಮ್ಮಗಳು ರೋಸ್ನ ತಮಾಷೆ ಮಾಡುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೊರಟವಳನ್ನು ನೋಡಿ ಲೋನಪ್ಪನ್ ಪುಟ್ಟು ತಿನ್ನುತ್ತಿದ್ದ ಕೈ ನಿಲ್ಲಿಸಿದರು.

"ಏನೇ ಇದು, ಚಹಾದಲ್ಲಿ ಅದ್ದಿದ್ದೀಯಾ? ನೆನೆಹಾಕಿದ ಚಕ್ಕುಲಿ ಬಣ್ಣ ಆಗಿದೆ."

"ನಿನ್ನೆ ತಾನೇ ಕುದಿಸಿ ಒಗೆದದ್ದು."

"ಒಗೆದರೆ ಹೀಗಿರುತ್ತಾ? ಪಾದ್ರಿಗಳ ಮುಂದೆ ಹೀಗೆ ಹೋಗಿ ನಿಲ್ತೀಯಾ? ನನ್ನ ಮರ್ಯಾದೆ ಪ್ರಶ್ನೆ."

"ನಿಮ್ಮ ಮರ್ಯಾದೆ ನನ್ನ ಮುಂಡಿನಲ್ಲಿದೆಯಾ?" ಎಂದಳು ಮುದುಕಿ. ಆದರೆ ಮರುದಿನ ಬಕೆಟ್ಟಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಮುಚ್ಚಳ ಹೆಚ್ಚಿಗೆ ಸುರಿದಳು. ಅದೂ ಸಾಲದು ಎನ್ನಿಸಿಕೊಂಡ ಮೇಲೆ ಇನ್ನೊಂದು ಮುಚ್ಚಳ.

ಬಿನ್ಸಿಗೆ ವಿಷಯ ಹೊಳೆದದ್ದು ಪಾಸ್‌ಪೋರ್ಟ್ ಅಳತೆಯ ಫೋಟೊಗಳಿಂದ. ಶಾಲೆ ಶುರುವಾಗುವ ಹೊತ್ತು, ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು. ಗಡಿಬಿಡಿಯಲ್ಲಿ ಅವಳೇ ತೆಗೆದು, ಮಾವನ ಕೈಗೆ ಕೊಡದೆ ನೇರ ಪ್ರಿಂಟಿಗೆ ಹಾಕುತ್ತಿದ್ದಳು. ಬಿಳಿ ಗೋಡೆ ಬಿಳಿಯಾಗಿ, ಮುಖ ಮುಖದ ಹಾಗೆ ಬರುತ್ತಿತ್ತು. ಅದೇ ಮಿಷನ್ನು, ಅದೇ ಇಂಕು, ಅದೇ ಕಾಗದ. ಅವಳು ಕತ್ತರಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಆಮೇಲೆ ಮಾವ ತಿದ್ದಿದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಎಲ್ಲದರಲ್ಲೂ ಹಳದಿಯನ್ನು ಕಿತ್ತಿದ್ದರು, ನೀಲಿಯನ್ನು ಎತ್ತಿದ್ದರು. ಬಡವರ ಮನೆಯ ನಾಮಕರಣವಾಗಲಿ ದೊಡ್ಡವರ ಮದುವೆಯಾಗಲಿ, ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ.

ಅಂದು ರಾತ್ರಿ ಊಟದಲ್ಲಿ ಗಂಡನಿಗೆ ಗಂಜಿ, ಹೆಸರುಕಾಳು ಬಡಿಸುತ್ತ ಮೆಲ್ಲಗೆ ಹೇಳಿದಳು. "ಮಿಷನ್ ಸರಿಯಾಗಿದೆ. ಅಪ್ಪಚ್ಚನ್ ಕಣ್ಣು ಒಂದ್ಸಲ ತೋರಿಸಬೇಕು."

ಪೋಳ್ಸನ್ ಹಪ್ಪಳ ಮುರಿಯುತ್ತಿದ್ದವನು ಹಾಗೇ ಇಟ್ಟ. "ಅದನ್ನ ಅವರಿಗೆ ಯಾರು ಹೇಳೋದು?"

"ಮಗ ನೀವು."

"ಮಗ ಆಗಿದ್ದಕ್ಕೇ ಹೇಳಲಾರೆ. ಹೋದ ವರ್ಷ ಸ್ಕೂಟರ್ ಬಿಡಿ ಅಂದಿದ್ದಕ್ಕೆ ಹದಿನೈದು ದಿನ ಮಾತಾಡಲಿಲ್ಲ. ಬಣ್ಣ ಕಾಣ್ತಿಲ್ಲ ಅಂದ್ರೆ ಮನೇಲೇ ಇರಲ್ಲ. ನೀನೇ ಹೇಳು."

"ನಾನು ಹೇಳಿದ್ರೆ, ಇಂಕ್ ತಪ್ಪಾಗಿ ಸುರಿದವಳು ಈಗ ನನ್ನ ಕಣ್ಣಿಗೆ ಬಂದ್ಲು ಅಂತಾರೆ."

"ಅಂತಾರೆ," ಎಂದು ಪೋಳ್ಸನ್ ಒಪ್ಪಿಕೊಂಡು ಗಂಜಿ ಕುಡಿದ. ಆ ಒಪ್ಪಿಗೆಯೇ ಅವನ ಕೊಡುಗೆ. ಪಾತ್ರೆ ತೊಳೆಯುವಾಗ ಬಿನ್ಸಿಗೆ ಸಿಟ್ಟು ಬರಲಿಲ್ಲ. ಬರಬೇಕಾದರೆ ಮೈಯಲ್ಲಿ ಸ್ವಲ್ಪ ಕಸುವಾದರೂ ಉಳಿದಿರಬೇಕು.

ಅವಳು ಇನ್ನೊಂದು ದಾರಿ ಹಿಡಿದಳು. ಸಂಜೆ ಮಾವ ಬಣ್ಣ ತಿದ್ದಿ, ಕೈಕಾಲು ತೊಳೆದು ಜಪಮಾಲೆ ಹಿಡಿದು ಅತ್ತೆಯ ಜೊತೆ ಪ್ರಾರ್ಥನೆಗೆ ಕೂರುತ್ತಿದ್ದರು. ಆ ಹೊತ್ತಿಗೆ ಇವಳು ಹೋಗಿ ಕುರ್ಚಿಯಲ್ಲಿ ಅರ್ಧ ಕೂತು, ಅವರು ಏರಿಸಿದ ನೀಲಿಯನ್ನು ಇಳಿಸಿ, ಹಳದಿಯನ್ನು ತಿರುಗಿ ಬಿಟ್ಟು ಪ್ರಿಂಟಿಗೆ ಹಾಕುತ್ತಿದ್ದಳು. ಒಳಗೆ ಅತ್ತೆಮಾವನ ಪ್ರಾರ್ಥನೆಯ ಗುಣುಗುಣು, ಹೊರಗೆ ಪ್ರಿಂಟರಿನ ಗುರುಗುರು. ಮಕ್ಕಳ ಫೋಟೊಗಳನ್ನು ಹೊಸದಾಗಿ ಕೊಟ್ಟಾಗ ಸಿಸ್ಟರ್ ಲಿಯೋ, "ಈಗ ದೇವದೂತರ ಹಾಗಿದ್ದಾರೆ, ದೇವದೂತರ ಹಾಗೆ," ಎಂದರು.

ಲೋನಪ್ಪನ್ ಮೀಸೆ ತಿರುವಿದರು. "ಬೈದ ಮೇಲೆ ಸೊಸೆ ಇಂಕ್ ಸರಿಯಾಗಿ ಸುರೀತಿದ್ದಾಳೆ. ಅಷ್ಟೇ ಸಿಸ್ಟರೇ."

ಎಲ್ಲರೂ ನಕ್ಕರು. ಬಿನ್ಸಿ ಲಕೋಟೆಗೆ ಗೋಂದು ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

ಆದರೆ ಗಿರಾಕಿಗಳ ದೂರು ನಿಂತಂತೆ ಮಾವನ ದೂರು ಹೆಚ್ಚಿತು. ಬೆಳಿಗ್ಗೆ ಒಣಗಿದ ಪ್ರಿಂಟುಗಳನ್ನು ನೋಡಿ ತಲೆ ಕೊಡವುತ್ತಿದ್ದರು. "ಎಲ್ಲರಿಗೂ ಕಾಮಾಲೆ ಬಂದ ಹಾಗಿದೆ. ನಾನು ತಿದ್ದಿದ್ದೇ ಹೀಗಾ?" ಮರುಸಂಜೆ ಇನ್ನಷ್ಟು ನೀಲಿ ಏರಿಸುತ್ತಿದ್ದರು. ಇವಳು ಇನ್ನಷ್ಟು ಇಳಿಸುತ್ತಿದ್ದಳು. ಬಾವಿಯ ಎರಡು ಕಡೆ ನಿಂತು ಒಂದೇ ಹಗ್ಗ ಎಳೆದ ಹಾಗೆ. ಒಂದೊಂದು ಮದುವೆಯ ಆಲ್ಬಮ್ಮಿಗೂ ಎರಡು ಪಟ್ಟು ಹೊತ್ತು ಹಿಡಿಯಿತು. ಅನ್ನ ಸೀದಿತು, ರೋಸ್ನಳ ಯೂನಿಫಾರ್ಮ್ ಇಸ್ತ್ರಿಯಿಲ್ಲದೆ ಹೋಯಿತು.

"ಅಮ್ಮಾ, ನಿನಗೆ ಬೇರೆ ಕೆಲಸ ಇಲ್ವಾ? ಅಪ್ಪಾಪ್ಪನ್ ಮಾಡಿದ್ದನ್ನೇ ಮತ್ತೆ ಮಾಡ್ತಾ ಇರ್ತೀಯ," ಎಂದಳು ಮಗಳು ಒಮ್ಮೆ.

"ಬಾಯಿ ಮುಚ್ಚು. ಅವರ ಮುಂದೆ ಅಂದ್ರೆ ನೋಡು."

ಮಳೆ ಹಿಡಿದಿತ್ತು. ಒಂದು ಸಂಜೆ ಅಂಗಳದಲ್ಲಿ ನೀರು ನಿಂತು, ಪ್ರಾರ್ಥನೆಯ ನಡುವೆ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಆರಿಹೋಯಿತೇನೋ ಎಂದು ನೋಡಲು ಲೋನಪ್ಪನ್ ಜಪಮಾಲೆ ಕೈಯಲ್ಲಿ ಹಿಡಿದೇ ಮುಂದಿನ ಕೋಣೆಗೆ ಬಂದರು. ತಮ್ಮ ಕುರ್ಚಿಯಲ್ಲಿ ಸೊಸೆ. ಪರದೆಯ ಮೇಲೆ ಅಂದು ಅವರು ತಿದ್ದಿಟ್ಟ ಮದುಮಗಳು. ಅವರು ನೋಡುತ್ತಿದ್ದಂತೆಯೇ ಅವಳ ಮುಸುಕು ಬಣ್ಣ ಬದಲಿಸಿತು.

"ಏನು ಮಾಡ್ತಿದ್ದೀಯ?"

ಬಿನ್ಸಿ ಎದ್ದು ನಿಂತಳು. ಸುಳ್ಳು ಹೇಳಬಹುದಿತ್ತು. ಹುಡುಕಿದಳು, ಸಿಗಲಿಲ್ಲ. "ನೀಲಿ ಇಳಿಸ್ತಿದ್ದೀನಿ."

"ಯಾರನ್ನ ಕೇಳಿ?"

"ಯಾರನ್ನೂ ಕೇಳಿಲ್ಲ."

"ಎಷ್ಟು ದಿನದಿಂದ?"

"ಮಕ್ಕಳ ಫೋಟೊ ಎರಡನೇ ಸಲ ಕೆಟ್ಟಾಗಿನಿಂದ."

ಲೋನಪ್ಪನ್ ಮುಖ ಕೆಂಪಾಯಿತು. "ಪೋಳ್ಸಾ! ಬಾರೋ ಇಲ್ಲಿ. ನೋಡು ನಿನ್ನ ಹೆಂಡತಿ ಕಳ್ಳ ಕೆಲಸ! ನಾನು ಬೆನ್ನು ಮುರಿದು ಕೂತು ಮಾಡಿದ್ದನ್ನ ನಾನು ದೇವರ ಹೆಸರು ಹೇಳೋ ಹೊತ್ತಲ್ಲಿ ಅಳಿಸ್ತಾಳೆ. ಜನರಿಗೆ ಕಾಮಾಲೆ ಯಾಕೆ ಬಂತು ಅಂತ ಈಗ ಗೊತ್ತಾಯ್ತು."

ಪೋಳ್ಸನ್ ಬಾಗಿಲಲ್ಲಿ ನಿಂತ. ಅತ್ತೆ ಅವನ ಹಿಂದೆ, ರೋಸ್ನ ಅವಳ ಪಕ್ಕ. ಬಿನ್ಸಿ ಗಂಡನ ಮುಖ ನೋಡಿದಳು. ಅವನು ಪ್ರಿಂಟರಿನ ತಂತಿ ನೋಡುತ್ತಿದ್ದ.

"ಕಾಮಾಲೆ ಯಾರಿಗೂ ಬಂದಿಲ್ಲ, ಅಪ್ಪಚ್ಚಾ," ಎಂದಳು ಬಿನ್ಸಿ. ಅವಳ ದನಿಯಲ್ಲಿ ಜಗಳವಿರಲಿಲ್ಲ, ದಣಿವೇ ಇತ್ತು. "ನಿಮ್ಮ ಕಣ್ಣಿಗೆ ಹಳದಿ ಕಾಣ್ತಿದೆ. ನನ್ನ ಮಾತು ಬೇಡ. ಅಮ್ಮಚ್ಚಿ ತೊಟ್ಟಿರೋ ಚಟ್ಟ ನೋಡಿ. ಯಾವ ಬಣ್ಣ ಅಂತ ಹೇಳಿ."

"ಬಿಳಿ. ಈಗೊಂದು ವಾರದಿಂದ ಸರಿಯಾಗಿ ಒಗೀತಿದ್ದಾಳೆ."

ಲೋನಪ್ಪನ್ ಹೆಂಡತಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. ಇಬ್ಬರೂ ಕಣ್ಣು ತಪ್ಪಿಸಿದರು. ಕೊನೆಗೆ ಮೊಮ್ಮಗಳ ಕಡೆ ತಿರುಗಿದರು. "ರೋಸ್ನಾ, ನೀನು ಹೇಳು. ಅಮ್ಮಾಮನ ಚಟ್ಟ ಯಾವ ಬಣ್ಣ?"

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ಏನೂ ಸನ್ನೆ ಮಾಡಲಿಲ್ಲ.

"ನೀಲಿ, ಅಪ್ಪಾಪ್ಪಾ. ನನ್ನ ಯೂನಿಫಾರ್ಮ್ ಥರ."

"ನಿಜವಾ?" ಎಂದರು ಹೆಂಡತಿಗೆ.

ಕೊಚ್ಚುತ್ರೇಸ್ಯ ಸೆರಗಿಲ್ಲದ ಹೆಂಗಸು, ಮುಂಡಿನ ಅಂಚನ್ನೇ ಹಿಡಿದು ಹಿಂಡಿದಳು. "ಇಗರ್ಜಿಯಲ್ಲಿ ಹೆಂಗಸರು ನಗ್ತಾರೆ. ಯಾವ ಸಿಸ್ಟರುಗಳ ಮಠಕ್ಕೆ ಸೇರಿದೆ ಕೊಚ್ಚುತ್ರೇಸ್ಯಾ ಅಂತ ಕೇಳ್ತಾರೆ. ನೀವು ಬೈಯದೆ ಇದ್ರೆ ಸಾಕು ಅಂತ ಹಾಕ್ತಿದ್ದೆ."

"ನಲವತ್ತೆಂಟು ವರ್ಷದಲ್ಲಿ ನನಗೆ ಎದುರು ಹೇಳದೇ ಇದ್ದ ದಿನ ಒಂದಿಲ್ಲ. ಇದೊಂದನ್ನ ಹೇಳೋಕೆ ಆಗಲಿಲ್ವೇನೇ?"

"ಬೇರೆಯದಕ್ಕೆಲ್ಲ ನಿಮಗೆ ಸಿಟ್ಟು ಬರುತ್ತೆ. ಇದಕ್ಕೆ ನೋವಾಗುತ್ತೆ ಅನ್ನಿಸ್ತು."

ಲೋನಪ್ಪನ್ ಜಪಮಾಲೆಯನ್ನು ಕೌಂಟರಿನ ಮೇಲಿಟ್ಟು ಒಳಗೆ ಹೋದರು. ಅಂದು ಊಟಕ್ಕೆ ಏಳಲಿಲ್ಲ. ಮರುದಿನ ತಿಂಡಿಗೆ ಬಂದರು, ಯಾರ ಮುಖವನ್ನೂ ನೋಡದೆ ತಿಂದರು. ಸಂಜೆ ಆ ಕುರ್ಚಿ ಖಾಲಿಯಾಗಿಯೇ ಇತ್ತು. ಬಿನ್ಸಿ ಅದರಲ್ಲಿ ಪೂರ್ತಿ ಕೂರಲಾರದೆ ಅಂಚಿನಲ್ಲೇ ಕೂತು ಕೆಲಸ ಮುಗಿಸಿದಳು. ಹೀಗೆ ದಿನಗಳು ಹೋದವು. ಮನೆಯಲ್ಲಿ ತಟ್ಟೆ ಇಡುವ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು.

"ಹೇಳಬೇಡ ಅಂದಿದ್ದೆ," ಎಂದ ಪೋಳ್ಸನ್.

"ಹೇಳು ಅಂದಿದ್ರಿ," ಎಂದಳು ಬಿನ್ಸಿ. "ನೀನೇ ಹೇಳು ಅಂತ."

ಮರುದಿನ ಮುಂಜಾನೆ ಅವನೇ ಅಪ್ಪನ ಕೋಣೆಗೆ ಹೋಗಿ, ಕಣ್ಣಿನ ಡಾಕ್ಟರಿಗೆ ಹೆಸರು ಬರೆಸಿದ್ದೇನೆ, ಹೊರಡಿ ಎಂದ. ಬೈಗುಳ ಬರುತ್ತದೆಂದು ಅಡುಗೆಮನೆಯಲ್ಲಿ ಹೆಂಗಸರಿಬ್ಬರೂ ಕಿವಿಗೊಟ್ಟು ನಿಂತರು. ಬರಲಿಲ್ಲ. ಲೋನಪ್ಪನ್ ಒಗೆದ ಶರ್ಟು ತೊಟ್ಟು ಮಗನ ಹಿಂದೆ ಕಾರು ಹತ್ತಿದರು.

ಎರಡು ಕಣ್ಣಿಗೂ ಪೊರೆ ಬಂದಿತ್ತು, ಹಣ್ಣಾಗಿ ಕಂದು ತಿರುಗಿತ್ತು. ಒಂದು ಕಣ್ಣಿಗೆ ಮೊದಲು ಶಸ್ತ್ರಕ್ರಿಯೆ, ಇನ್ನೊಂದಕ್ಕೆ ತಿಂಗಳ ನಂತರ ಎಂದರು ಡಾಕ್ಟರು. ಶಸ್ತ್ರಕ್ರಿಯೆಯ ಮರುದಿನ ಪಟ್ಟಿ ಬಿಚ್ಚಿದಾಗ ಲೋನಪ್ಪನ್ ಮೊದಲು ನೋಡಿದ್ದು ನರ್ಸಿನ ಕೋಟನ್ನು. ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು. ಮತ್ತೆ ಮುಚ್ಚಿದರು. ಮಕ್ಕಳ ಆಟದ ಹಾಗೆ ತುಂಬ ಹೊತ್ತು.

ಮನೆಗೆ ಬಂದ ಮೇಲೆ ಎಲ್ಲವೂ ಕಂಡಿತು. ಗೋಡೆಯ ಬಿರುಕು, ಅಡುಗೆಮನೆ ಮಾಡಿನ ಮಸಿ, ಹೆಂಡತಿಯ ಕತ್ತಿನ ಸುಕ್ಕು. "ಈ ಫ್ಯಾನ್ ಒರೆಸಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದರು. ಕೊಚ್ಚುತ್ರೇಸ್ಯ, "ಕುರುಡಾಗಿದ್ದಾಗಲೇ ಬೇಕಿತ್ತು ಈ ಮನುಷ್ಯ," ಎಂದಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಯಾರೋ ನಕ್ಕಿದ್ದರು.

ಕಣ್ಣಿನ ಕೆಂಪು ಇಳಿದ ಮೇಲೆ ಒಂದು ಸಂಜೆ ಲೋನಪ್ಪನ್ ಸ್ಟುಡಿಯೋಗೆ ಬಂದು ಹಿಂದೆ ನಿಂತರು. ಬಿನ್ಸಿ ಏಳಹೋದಳು.

"ಕೂತ್ಕೊ. ನಾನು ತಿದ್ದಿದ್ದು ಯಾವುದಾದರೂ ಇದ್ರೆ ತೆಗಿ."

ಅವಳು ಆ ಮದುಮಗಳ ಚಿತ್ರ ತೆರೆದಳು, ಅವರು ಬಿಟ್ಟಿದ್ದ ಹಾಗೇ. ಲೋನಪ್ಪನ್ ಹಳೆಯ ಕಣ್ಣು ಮುಚ್ಚಿ ಹೊಸ ಕಣ್ಣಿನಲ್ಲಿ ನೋಡಿದರು. ಪರದೆಗೆ ಇನ್ನಷ್ಟು ಬಾಗಿದರು.

"ಹೆಣ," ಎಂದರು ಕೊನೆಗೆ. "ಹೆಣಕ್ಕೆ ಮುಸುಕು ಹಾಕಿದ ಹಾಗಿದೆ. ಇದನ್ನ ಜನ ತಗೊಂಡು ಹೋಗ್ತಿದ್ರಾ?"

"ಮೊದಮೊದಲು ಕೆಲವರು ಒಯ್ದರು. ಆಮೇಲೆ ನಾನು ಬಿಡಲಿಲ್ಲ."

"ಸಿಸ್ಟರ್ ತೋರಿಸಿದ ದಿನವೇ ನನಗೆ ನೀಲಿ ಕಾಣಲಿಲ್ಲ. ಎಲ್ಲರೂ ಕಾಣುತ್ತೆ ಅಂತಾರೆ, ನನಗೆ ಇಲ್ಲ. ಹೆದರಿಕೆ ಆಯ್ತು. ಅದಕ್ಕೇ ನಿನ್ನ ಮೇಲೆ ಹಾಕಿದೆ." ಅವರು ಮೂಗು ಉಜ್ಜಿಕೊಂಡರು. "ಆಗಲೇ ನನಗೆ ಹೇಳಬಹುದಿತ್ತು ನೀನು."

"ಹೇಳಿದ್ರೆ ಕೇಳ್ತಿದ್ರಾ?"

"ಇಲ್ಲ."

ಅಷ್ಟೇ. ಬಿನ್ಸಿ ಇನ್ನೇನೋ ಬರುತ್ತದೆಂದು ಕಾದಳು. ಬರಲಿಲ್ಲ. ಲೋನಪ್ಪನ್ ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. "ಈಗ ನೀನು ಮಾಡು, ನೋಡ್ತೀನಿ." ಅವಳು ಮಾಡಿದಳು. ತುಟಿಯ ಕೆಂಪಿನ ಹತ್ತಿರ ಅವರು ತಡೆದರು. "ಬಿಳಿ ಸರಿ ಮಾಡೋ ಭರದಲ್ಲಿ ಚರ್ಮ ಸಾಯಿಸ್ತಿದ್ದೀಯ. ಗಲ್ಲದ ಕೆಳಗೆ ನೋಡು. ಅಲ್ಲಿ ಬೆಚ್ಚಗಿರಬೇಕು." ಅವಳು ಸ್ವಲ್ಪ ಏರಿಸಿದಳು. ಹುಡುಗಿಗೆ ಉಸಿರು ಬಂದ ಹಾಗಾಯಿತು. ಇಷ್ಟು ದಿನ ಅವರದೆಲ್ಲ ತಪ್ಪು ಎಂದುಕೊಂಡಿದ್ದವಳಿಗೆ, ಆ ಹಳದಿ ಪೊರೆಯ ಹಿಂದೆಯೂ ಈ ಮನುಷ್ಯನಿಗೆ ಎಷ್ಟು ಗೊತ್ತಿತ್ತು ಎಂದು ಆಗ ಅನ್ನಿಸಿತು. ಸಮಾಧಾನವೂ ಆಯಿತು, ಎಲ್ಲೋ ಸ್ವಲ್ಪ ಹೊಟ್ಟೆಯೂ ಉರಿಯಿತು.

ಆಮೇಲೆ ಬಂದ ಶುಕ್ರವಾರ ಬೆಳಿಗ್ಗೆ ಒಬ್ಬ ಒದ್ದೆ ಛತ್ರಿ ಮಡಚುತ್ತ ಬಂದ. ತಾಯಿ ತೀರಿಕೊಂಡಿದ್ದಳು, ಸಂಜೆ ನಾಲ್ಕಕ್ಕೆ ಮಣ್ಣು. ಒಂದೇ ಒಂದು ಫೋಟೊ ಇದೆ, ದೊಡ್ಡದು ಮಾಡಿಕೊಡಿ ಎಂದು ಜೇಬಿನಿಂದ ತೆಗೆದ. ಎಷ್ಟೋ ವರ್ಷದ ಹಿಂದಿನದು, ಪೂರ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಪೋಳ್ಸನ್ ಕೊಡುಂಗಲ್ಲೂರಿನ ಮದುವೆಗೆ ಹೋಗಿದ್ದ. ರೋಸ್ನ ಶಾಲೆಯಲ್ಲಿದ್ದಳು. ಅತ್ತೆ ಮೊಣಕಾಲು ನೋವೆಂದು ಮಲಗಿದ್ದಳು. ಒಲೆಯ ಮೇಲೆ ಅನ್ನದ ನೀರು ಕುದಿಯುತ್ತಿತ್ತು.

"ಸೀರೆ ಯಾವ ಬಣ್ಣ?" ಎಂದು ಕೇಳಿದಳು ಬಿನ್ಸಿ.

"ನೆನಪಿಲ್ಲ, ಚೇಚಿ. ನಾನು ಆಗ ತೊಟ್ಟಿಲಲ್ಲಿದ್ದೆ."

ಬಿನ್ಸಿ ಮಾವನ ಕಡೆ ನೋಡಿದಳು. ಇಂಥ ಕೆಲಸ ಎಂದೂ ಅವರದೇ. ಲೋನಪ್ಪನ್ ಫೋಟೊ ತೆಗೆದುಕೊಂಡು ಒಂದು ಕಣ್ಣಲ್ಲಿ ನೋಡಿದರು, ಇನ್ನೊಂದರಲ್ಲಿ ನೋಡಿದರು, ಅವಳ ಮುಂದೆ ಇಟ್ಟರು.

"ಇದು ಎರಡು ಕಣ್ಣಿನ ಕೆಲಸ. ಮೊದಲು ಚರ್ಮ ಸರಿ ಮಾಡು. ಚರ್ಮ ಸರಿಯಾದ್ರೆ ಸೀರೆ ತಾನಾಗೇ ಬರುತ್ತೆ."

ಹೇಳಿ ಒಳಗೆ ಹೋದರು. ಗೂಟಕ್ಕೆ ತೂಗುಹಾಕಿದ್ದ ಚೀಲದ ಸದ್ದಾಯಿತು, ಹಿತ್ತಲ ಬಾಗಿಲ ಸದ್ದಾಯಿತು. ಮಾವ ಎಲ್ಲಿಗೆ ಹೋದರೆಂದು ಕೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಅನ್ನದ ಒಲೆ ಆರಿಸಿ ಬಂದು ಕುರ್ಚಿಯಲ್ಲಿ ಪೂರ್ತಿ ಕೂತಳು. ಗಲ್ಲದ ಕೆಳಗಿಂದ ಶುರುಮಾಡಿದಳು. ಕೆಂಪು ಇಳಿದಂತೆ ಇಟ್ಟಿಗೆಯೊಳಗಿಂದ ಒಬ್ಬ ಹೆಂಗಸು ಮೇಲೆದ್ದು ಬಂದಳು. ಎಳೆಯ ಪ್ರಾಯ, ಹಣೆಯ ಮೇಲೆ ಬೆವರು, ಈಗಷ್ಟೇ ಯಾರೋ ಕೆಲಸದ ನಡುವೆ ಕರೆದು ನಿಲ್ಲಿಸಿದಂತಹ ಮುಖ. ಸೀರೆ ತಿಳಿ ಹಸಿರಾಗಿತ್ತು.

ಮಗ ಪ್ರಿಂಟು ಕೈಯಲ್ಲಿ ಹಿಡಿದು ನಿಂತುಬಿಟ್ಟ. "ಇಷ್ಟು ಚಿಕ್ಕವಳಿದ್ದಳಾ ಅಮ್ಮ?" ಎಂದ. ಛತ್ರಿ ಮರೆತು ಮಳೆಯಲ್ಲೇ ಹೊರಟವನನ್ನು ಬಿನ್ಸಿ ಕೂಗಿ ಕರೆದು ಕೊಟ್ಟಳು.

ಗಡಿಯಾರ ನೋಡಿದರೆ ಎರಡು ದಾಟಿತ್ತು. ಅಡುಗೆ ಇನ್ನೂ ಮೊದಲಿಂದ ಆಗಬೇಕು ಎಂದುಕೊಂಡು, ಭುಜ ಒತ್ತಿಕೊಳ್ಳುತ್ತ ಒಳಗೆ ನಡೆದಳು. ಹಿತ್ತಲಲ್ಲಿ ಮಾಡಿನಡಿ ಲೋನಪ್ಪನ್ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮುಂದೆ ಬಾಂಡಲಿ ತುಂಬ ಬಂಗುಡೆ. ಡಾಕ್ಟರು ಕೊಟ್ಟ ಕಪ್ಪು ಕನ್ನಡಕದ ಮೇಲೆಲ್ಲ ಮೀನಿನ ಹುರುಪೆಯ ಚೂರುಗಳು ಅಂಟಿದ್ದವು. ಒಳಗಿನಿಂದ ಕೊಚ್ಚುತ್ರೇಸ್ಯ ಕಾಯಿ ತುರಿಯುವ ಸದ್ದು ಬರುತ್ತಿತ್ತು.

"ಕಿವಿರು ಹೇಗಿದೆ ನೋಡು, ಎಷ್ಟು ಕೆಂಪು!" ಎಂದರು ಲೋನಪ್ಪನ್, ಒಂದು ಮೀನು ಎತ್ತಿ ತೋರಿಸಿ. "ಸಂತೆಯೆಲ್ಲ ಸುತ್ತಿ ಆರಿಸಿ ತಂದೆ."

"ಹಳೇ ಮೀನು ತಂದಿದ್ದಾರೆ," ಎಂದಳು ಕೊಚ್ಚುತ್ರೇಸ್ಯ ಒಳಗಿಂದಲೇ. "ಕೆಂಪು ನೋಡೋ ಸಂಭ್ರಮದಲ್ಲಿ ಮೂಸೋದೇ ಮರೆತಿದ್ದಾರೆ. ಜಾಸ್ತಿ ಹುಣಸೆ ಹಾಕ್ಬೇಕು."

ಬಿನ್ಸಿ ಬಾಂಡಲಿಯತ್ತ ನೋಡಿದಳು. ಹೊಟ್ಟೆ ಸೀಳಿದ್ದೆಲ್ಲ ತಪ್ಪು. ಅರ್ಧ ಮಾಂಸ ಕರುಳಿನ ಜೊತೆ ಹೋಗಿತ್ತು. ಕತ್ತಿ ತೆಗೆದುಕೊಳ್ಳಲು ಕೈ ತಾನಾಗಿಯೇ ಮುಂದೆ ಹೋಯಿತು. ಅಲ್ಲೇ ತಡೆದುಕೊಂಡಳು.

"ಅವನು ತಗೊಂಡು ಹೋದನಾ?" ಎಂದು ಕೇಳಿದರು ಮಾವ.

"ಹೂಂ."

"ಸೀರೆ?"

"ಹಸಿರು."

ಲೋನಪ್ಪನ್ ತಲೆಯಾಡಿಸಿ ಇನ್ನೊಂದು ಮೀನನ್ನು ಹಾಳುಮಾಡತೊಡಗಿದರು. ಬಿನ್ಸಿ ಮೆಟ್ಟಿಲ ಮೇಲೆ ಕುಳಿತು ಕಾಲು ನೀಡಿಕೊಂಡು ಗೋಡೆಗೊರಗಿದಳು. ಊಟ ಆಗುವ ಹೊತ್ತಿಗೆ ಮೂರೂವರೆಯಾದರೂ ಆಗುತ್ತದೆ. ಆಗಲಿ ಎಂದುಕೊಂಡು ಕಣ್ಣು ಮುಚ್ಚಿದಳು.